ಮಿಂದನೆಂದು ಪರಿಗಣಿಸಲಾದ ಅಳಿಯ

೨೦೦೯ರ ದೀಪಾವಳಿಗೆ ಹದಿನೈದು ದಿನ ಮೊದಲು, ಕುಂದಾಪುರ ಸಮೀಪದ ಮರಳುಹಿತ್ಲು ಗ್ರಾಮದಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳಲು ಯೋಗ್ಯವಾದ ಮನೆ ಒಂದೂ ಇಲ್ಲವೆಂದು ಅಧಿಕೃತವಾಗಿ ಕಂಡುಬಂತು. ಇದನ್ನು ಕಂಡುಹಿಡಿದದ್ದು ಗ್ರಾಮ ಗೃಹಾಲಂಕಾರ ಹಾಗೂ ಅತಿಥಿ ಸತ್ಕಾರ ಉತ್ತೇಜನ ಸಮಿತಿ. ಸಮಿತಿ ಹುಟ್ಟಿದ್ದು ಅದರ ಹಿಂದಿನ ದಿನ. ಅಲ್ಲಿಯವರೆಗೆ ಊರಿನವರು ಯೋಗ್ಯತೆಯಿಲ್ಲದ ಮನೆಗಳಲ್ಲೇ ನೆಂಟರಿಗೆ ಮೀನುಸಾರು ಬಡಿಸಿ ಕಳಿಸುತ್ತಿದ್ದರು. ನೆಂಟರೂ ಪಾಪ, ಗೊತ್ತಿಲ್ಲದೆ ಉಂಡು ಹೋಗುತ್ತಿದ್ದರು.

ಸಮಿತಿಯ ಪ್ರಕಟಣೆ ಬಸ್ ನಿಲ್ದಾಣದ ಗೋಡೆಗೆ ಬಿತ್ತು: "ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಹಬ್ಬದ ಅಲಂಕಾರ ಸ್ಪರ್ಧೆಗೆ ಹೆಸರು ನೋಂದಾಯಿಸದ ಮನೆಗಳನ್ನು ಅತಿಥಿಗಳಿಗೆ ಅಯೋಗ್ಯವೆಂದು ಭಾವಿಸಿ, ಯಜಮಾನರ ಹೆಸರನ್ನು ಇದೇ ಗೋಡೆಯ ಮೇಲೆ ಪ್ರಕಟಿಸಲಾಗುವುದು."

ಮೀನು ಮಾರುವ ಜಲಜ ಇದನ್ನು ಓದಿ, ತಲೆಯ ಮೇಲಿನ ಬುಟ್ಟಿ ಇಳಿಸಿ ಅಲ್ಲೇ ಕೂತಳು. ಮಗಳು ಸೌಜನ್ಯಳ ಮದುವೆಯಾಗಿ ಆರು ತಿಂಗಳು. ಅಳಿಯ ಅನೂಪನಿಗೆ ಇದು ಮಾವನ ಮನೆಯಲ್ಲಿ ಮೊದಲ ದೀಪಾವಳಿ. ಅವನ ತಾಯಿ, ಹೆಮ್ಮಾಡಿಯ ಉಮಾವತಿ, ಕುಂದಾಪುರದ ಸಂತೆಗೆ ಬರುವುದು ಇದೇ ದಾರಿಯ ಬಸ್ಸಿನಲ್ಲಿ. ಯಾರ ಮನೆಯಲ್ಲಿ ಎಷ್ಟು ಕಡುಬು ಮಾಡಿದರು, ಯಾರು ಅಳಿಯನಿಗೆ ಬಿಸಿನೀರು ಕಡಿಮೆ ಮಾಡಿದರು ಎಂಬುದನ್ನೆಲ್ಲ ಬಾಯಲ್ಲೇ ಇಟ್ಟುಕೊಂಡು ತಿರುಗುವ ಹೆಂಗಸು. ಜಲಜ ಆ ಹೊತ್ತೇ ಹೋಗಿ ಹೆಸರು ಕೊಟ್ಟಳು.

ನಮ್ಮ ಕಡೆ ದೀಪಾವಳಿಯ ಅಲಂಕಾರವೆಂದರೆ ಮೊದಲು ಬಚ್ಚಲುಮನೆಯದು. ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಶೇಡಿಯೆಂಬ ಬಿಳಿಮಣ್ಣಿನಲ್ಲಿ ಗೆರೆ ಎಳೆದು, ಕುತ್ತಿಗೆಗೆ ಹಿಂಡ್ಲೆಯೆಂಬ ಕಾಡುಕಾಯಿಯ ಬಳ್ಳಿ ಸುತ್ತಿ, ಜಗಟೆ ಬಾರಿಸುತ್ತ ನೀರು ಸೇದಿ ತುಂಬುತ್ತಾರೆ. ಮರುದಿನ ಬೆಳಿಗ್ಗೆ ಮನೆಮಂದಿಗೆಲ್ಲ ಎಣ್ಣೆಸ್ನಾನ. ಹೊಸ ಅಳಿಯನಿದ್ದರೆ ಮೊದಲ ಚೊಂಬು ಅವನ ತಲೆಗೆ. ಬಳ್ಳಿ ಬೇಲಿಯಲ್ಲಿ ಪುಕ್ಕಟೆ ಸಿಗುತ್ತದೆ. ಇದೇ ದೋಷ ಸಮಿತಿಯ ಕಣ್ಣಿಗೆ ಬಿದ್ದದ್ದು.

ನಿಯಮ ನಾಲ್ಕರ ಪ್ರಕಾರ ಬೇಲಿಯ ಬಳ್ಳಿ ಹಳೆಯ ಫ್ಯಾಶನ್. ಹಂಡೆಗೆ ಪ್ಲಾಸ್ಟಿಕ್ ಬಳ್ಳಿಯನ್ನೇ ಸುತ್ತಬೇಕು. ಅದು ಸಮಿತಿಯ ಕಾರ್ಯದರ್ಶಿ ಶೈಲೇಶರ ಹೆಂಡತಿ ಪ್ರಭಾವತಿಯವರ ಫ್ಯಾನ್ಸಿ ಅಂಗಡಿಯದೇ ಆಗಿರಬೇಕು. ಬೇರೆ ಅಂಗಡಿಯ ಬಳ್ಳಿ ಅಷ್ಟು ಹಸಿರಿರುವುದಿಲ್ಲವೆಂದು ತಜ್ಞರು ಅಭಿಪ್ರಾಯಪಟ್ಟಿದ್ದರು. ತಜ್ಞರು ಯಾರೆಂದರೆ ಪ್ರಭಾವತಿಯವರೇ. ನಿಯಮ ಐದು: ತೀರ್ಪುಗಾರರು ನೋಡುವವರೆಗೆ ಅಲಂಕಾರ ಕೆಡಬಾರದು.

ಜಲಜ ನಾಲ್ಕು ಮಾರು ಬಳ್ಳಿ ತಂದು ಸುತ್ತಿದಳು. ಹಬ್ಬದ ಬೆಳಿಗ್ಗೆ ಅನೂಪನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿದ್ದೂ ಆಯಿತು. ಅವಳ ಗಂಡ ತಿಮ್ಮ ಹಂಡೆಯ ಒಲೆಗೆ ತೆಂಗಿನ ಮಡಲು ತುರುಕಿ ಬೆಂಕಿಕಡ್ಡಿ ಗೀರಿದ. ಆಗಲೇ ಗೊತ್ತಾದದ್ದು: ಬೆಂಕಿ ಹಾಕಿದರೆ ಬಳ್ಳಿ ಕರಗುತ್ತದೆ.

"ಹ್ವಾಯ್ ಶೈಲೇಶಣ್ಣ, ಅಳಿಯ ಎಣ್ಣಿ ಹಚ್ಕಂಡ್ ಕೂಕಂಡಿದ್ರ್. ಬೇರೆ ಪಾತ್ರದಂಗೆ ನೀರ್ ಕಾಯ್ಸ್‌ಲಕ್ಕಾ?" ಎಂದು ಜಲಜ ಫೋನಿನಲ್ಲಿ ಕೇಳಿದಳು.

"ಅಕ್ಕಾ, ಅದ್ ಹಂಡಿಗೆ ಮಾಡು ಅವಮಾನ. ನಿಯಮ ಆರ್ ಓದ್ಲಿಲ್ಯಾ? ಗೋಡಿ ಮೇಲೆ ಹೆಸ್ರ್ ಬತ್ತ್."

"ತೀರ್ಪು ಕೊಡುವರ್ ಎಷ್ಟೊತ್ತಿಗೆ ಬತ್ರ್?"

"ಹೊರಡುಕೆ ತಯಾರಾಯಿರ್."

ಹೊರಡುವುದಕ್ಕೆ ಸಣ್ಣದೊಂದು ತೊಡಕಿತ್ತು. ಮುಖ್ಯ ತೀರ್ಪುಗಾರ ಶೀನಣ್ಣನ ಮನೆಯೂ ಸ್ಪರ್ಧೆಯಲ್ಲಿತ್ತು. ತೀರ್ಪುಗಾರರು ಬರುವವರೆಗೆ ಸ್ಪರ್ಧಿಗಳು ಮನೆ ಬಿಟ್ಟು ಹೋಗಬಾರದೆಂಬ ನಿಯಮವನ್ನು ಶೀನಣ್ಣನೇ ಬರೆದಿದ್ದ. ಹೀಗಾಗಿ ಅವನು ಇಸ್ತ್ರಿ ಪಂಚೆಯುಟ್ಟು ತನ್ನ ಜಗಲಿಯಲ್ಲಿ ತನ್ನ ದಾರಿಯನ್ನೇ ಕಾಯುತ್ತ ಕೂತಿದ್ದ. ಎರಡು ದಿನ ಕಳೆಯಿತು.

ಅಷ್ಟರಲ್ಲಿ ಅನೂಪನ ಎಣ್ಣೆ ಕುತ್ತಿಗೆಯಿಂದ ಬೆನ್ನಿಗಿಳಿದು ಮಣೆಯನ್ನೂ ತೋಯಿಸಿತ್ತು. ಅವನು ಒಳ್ಳೆಯ ಹುಡುಗ. ನೊಣ ಓಡಿಸುವುದು ಬಿಟ್ಟರೆ ಬೇರೆ ತಕರಾರು ಮಾಡಲಿಲ್ಲ. ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ಸುರಿದುಕೊಳ್ಳುತ್ತೇನೆಂದು ಒಮ್ಮೆ ಎದ್ದ. "ಬ್ಯಾಡ, ನಿಮ್ಮ್ ಅಬ್ಬಿಗೆ ಗೊತ್ತಾರೆ ತಣ್ಣೀರಂಗೆ ಮೀಸಿರ್ ಅಂದ್ ಊರೆಲ್ಲ ಹೇಳ್ತ್ರ್" ಎಂದು ಸೌಜನ್ಯ ಅಳುತ್ತ ಅವನನ್ನು ಮತ್ತೆ ಕೂರಿಸಿದಳು. ಜಲಜ ಬಳ್ಳಿ ಕಿತ್ತೆಸೆದು ಬೆಂಕಿ ಹಾಕಿಬಿಡಲೇ ಎಂದು ಎರಡು ಸಲ ಬಚ್ಚಲಿಗೆ ಹೋದಳು. ಎರಡು ಸಲವೂ ಬಸ್ ನಿಲ್ದಾಣದ ಆ ಗೋಡೆ ನೆನಪಾಗಿ ವಾಪಸು ಬಂದಳು.

ಮೂರನೆಯ ದಿನ ಶೀನಣ್ಣ ಒಂದು ದಿಟ್ಟ ನಿರ್ಧಾರ ಕೈಗೊಂಡ. ಅಂಗಳಕ್ಕಿಳಿದು, ಹೊರಗಿನವನಂತೆ ಕೆಮ್ಮಿ, ಒಳಗೆ ಬಂದು ತನ್ನ ಮನೆಯನ್ನು ಪರಿಶೀಲಿಸಿ, ನಿಷ್ಪಕ್ಷಪಾತವಾಗಿ ಮೊದಲ ಬಹುಮಾನ ಕೊಟ್ಟುಕೊಂಡ. ಆಮೇಲೆ ಶೈಲೇಶನನ್ನು ಕರೆದುಕೊಂಡು ಉಳಿದ ಮನೆಗಳತ್ತ ಹೊರಟ.

ಜಲಜಳ ಬಚ್ಚಲಿಗೆ ಬರುವಾಗ ಸಂಜೆಯಾಗಿತ್ತು. ಅನೂಪನ ರಜೆ ಮುಗಿದು, ಕೊನೆಯ ಬಸ್ಸಿಗೆ ಅರ್ಧ ಗಂಟೆ ಉಳಿದಿತ್ತು. ನೀರು ಕಾಯಿಸಲು ಸಮಯವಿಲ್ಲ.

"ಎಂತ ಚಂದ ಮರಾಯ್ತಿ!" ಎಂದ ಶೀನಣ್ಣ, ಹಂಡೆ ನೋಡಿ.

"ಚಂದ ಕಟ್ಕಂಡ್ ಎಂತ ಮಾಡುದ್? ಅಳಿಯ ಮೀಯದೇ ಹೋತ್ರ್. ನಾನ್ ಹೆಮ್ಮಾಡಿಗೆ ಎಂತ ಮುಖ ತೋರ್ಸುದ್?" ಎಂದಳು ಜಲಜ.

ಶೀನಣ್ಣ ಮತ್ತು ಶೈಲೇಶ ಬಾವಿಕಟ್ಟೆಯ ಬಳಿ ತುರ್ತು ಸಭೆ ಸೇರಿದರು. ಜನರ ಕಷ್ಟಕ್ಕೆ ಸ್ಪಂದಿಸದಿದ್ದರೆ ಸಮಿತಿ ಇದ್ದು ಏನು ಪ್ರಯೋಜನ? ಶೈಲೇಶ ಚೀಲದಿಂದ ಕಾಗದ ತೆಗೆದು ಬರೆದ: "ಸದರಿ ಮನೆಯ ಹಂಡೆಯು ಸ್ನಾನಕ್ಕೆ ಸರ್ವಯೋಗ್ಯವಾಗಿ ಅಲಂಕೃತಗೊಂಡಿದ್ದು, ಸದರಿ ಅಳಿಯನು ಅದರ ಸಮೀಪದಲ್ಲೇ ಮೂರು ದಿನ ಕುಳಿತಿದ್ದರಿಂದ, ಅವನು ಶಾಸ್ತ್ರೋಕ್ತವಾಗಿ, ಬಿಸಿನೀರಿನಲ್ಲಿ, ಯಥೇಚ್ಛವಾಗಿ ಮಿಂದಿರುವುದಾಗಿ ಪರಿಗಣಿಸಲಾಗಿದೆ." ಕೆಳಗೆ ಸೀಲು ಬಿತ್ತು. ಅನೂಪ ಆ ಕಾಗದಕ್ಕೆ ಎಣ್ಣೆ ತಾಗದ ಹಾಗೆ ಎರಡು ಬೆರಳಲ್ಲಿ ಹಿಡಿದು ಬಸ್ಸು ಹತ್ತಿದ. ಪಕ್ಕದಲ್ಲಿ ಸೌಜನ್ಯ ಬಿಟ್ಟರೆ ಯಾರೂ ಕೂರಲಿಲ್ಲ.

ಹೆಮ್ಮಾಡಿಯಲ್ಲಿ ಉಮಾವತಿ ಮಗನನ್ನು ಕಂಡವಳೇ ಸೆರಗು ಮೂಗಿಗೆ ಹಿಡಿದಳು. ಅವನು ಕಾಗದ ಕೊಟ್ಟ. ಅವಳು ಚಿಮಣಿ ದೀಪದ ಬಳಿ ಹಿಡಿದು ಎರಡು ಸಲ ಓದಿದಳು, ಸೀಲನ್ನು ಬೆರಳಿಂದ ಮುಟ್ಟಿ ನೋಡಿದಳು, ಸೆರಗನ್ನು ಕೆಳಗಿಳಿಸಿದಳು.

"ಯಥೇಚ್ಛವಾಗಿ ಅಂದ್ ಬರ್ದಿರ್. ನಮ್ಮ್ ಕೇರಿಯಂಗೆ ಯಾವ್ ಅಳಿಯನಿಗೂ ಹೀಂಗೆ ಬರ್ದ್ ಕೊಡ್ಲಿಲ್ಲ" ಎಂದಳು.

"ಅಬ್ಬೀ, ಒಂದ್ ಚೂರ್ ನೀರ್ ಕಾಯ್ಸ್. ಮೀತೆ" ಎಂದ ಅನೂಪ, ಅಳುವ ದನಿಯಲ್ಲಿ.

"ನಿಂಗೆ ಮರ್ಲಾ? ಈಗ ಮಿಂದ್ರೆ ಈ ಕಾಗ್ದ ಸುಳ್ಳ್ ಆತಿಲ್ಯಾ? ಅತ್ತಿ ಮನಿ ಮರ್ವಾದಿ ಎಂತ ಆಯ್ಕ್?"

ಆ ರಾತ್ರಿಯೇ ಅವಳು ಜಲಜಳಿಗೆ ಫೋನು ಮಾಡಿ, ಬೀಗಿತ್ತಿಯ ಸತ್ಕಾರವನ್ನು ಬಾಯಿತುಂಬ ಹೊಗಳಿದಳು. ಮೂರು ದಿನದಲ್ಲಿ ಮೊದಲ ಸಲ ಜಲಜ ಹೊಟ್ಟೆತುಂಬ ಉಂಡು ಮಲಗಿದಳು. ಅನೂಪ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಎಣ್ಣೆಯ ಮೈಯಲ್ಲೇ, ಈಗಷ್ಟೇ ಮಿಂದು ಬಂದವನಂತೆ ತಲೆಯ ಕೂದಲನ್ನು ಟವೆಲಿನಿಂದ ಒರೆಸಿಕೊಳ್ಳತೊಡಗಿದ.