ಹಸಿರು ಚಿಂದಿ ಹಿಡಿದು ಕೆರೆ ಸುತ್ತಿದ್ದು

ಜನವರಿಯ ಒಂದು ಬೆಳಿಗ್ಗೆ ಅಡುಗೆಮನೆಯ ನಡುವೆ ನಿಂತು ನಾನೊಂದು ಘೋಷಣೆ ಮಾಡಿದೆ: ಈ ಭಾನುವಾರ ನಾನು ಖಾಲಿ ಕೈಯಲ್ಲಿ ನಡೆಯುತ್ತೇನೆ!

ಮದುವೆಯಾಗಿ ಇಪ್ಪತ್ತೊಂದು ವರ್ಷ. ಈ ವರ್ಷಗಳಲ್ಲಿ ನಾನು ನಡೆದದ್ದನ್ನೆಲ್ಲ ಉದ್ದಕ್ಕೆ ಜೋಡಿಸಿದರೆ ಸುರಪುರದಿಂದ ಕಾಶಿಗೆ ಹೋಗಿ ಬರಬಹುದು. ಆದರೆ ಕಂಕುಳಲ್ಲೋ ಕೈಯಲ್ಲೋ ಸದಾ ಒಂದು ಕೊಡ, ಗಿರಣಿಯ ಡಬ್ಬಿ, ಸಂತೆಯ ಚೀಲ, ಏನೂ ಇಲ್ಲದಿದ್ದರೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು. ಕೆಲಸವಿಲ್ಲದೆ ಇಟ್ಟ ಹೆಜ್ಜೆ ಒಂದೂ ನೆನಪಿಲ್ಲ.

“ಖಾಲಿ ಕೈಲೆ ನಡಿಯಾಕ ಬೋನಾಳ ಕೆರಿತನ ಯಾಕ ಹೋಗಬೇಕು? ನಮ್ಮ ಓಣ್ಯಾಗೇ ನಡಿ,” ಎಂದರು ನನ್ನ ಗಂಡ ಸಂಗಣ್ಣ, ಪೇಪರಿನ ಹಿಂದಿನಿಂದ.

“ಓಣ್ಯಾಗ ನಡದ್ರ ನೀವೇ ಕಿಡಕ್ಯಾಗಿಂದ ಕೊತ್ತಂಬರಿ ತಾ ಅಂತೀರಿ.”

ಪೇಪರು ಇನ್ನೊಂದು ಗೇಣು ಮೇಲೇರಿತು.

ನಿಜವಾದ ಸಂಗತಿ ನನ್ನೊಬ್ಬಳ ಕಾಲಿನದಲ್ಲ. ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿಯ ನಲವತ್ತು ಹುಡುಗಿಯರಿಗೆ ಭಾನುವಾರವೆಂದರೆ ಬಟ್ಟೆ ಒಗೆಯುವ ದಿನ, ರೊಟ್ಟಿ ಬಡಿಯುವ ದಿನ, ತಮ್ಮಂದಿರನ್ನು ಕಾಯುವ ದಿನ. ಅವರಿಗೆ ಒಂದೇ ಒಂದು ಭಾನುವಾರವನ್ನು ಬಿಡಿಸಿಕೊಟ್ಟು ಕೆರೆ ಸುತ್ತಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹೆಡ್ಮಾಸ್ತರ ಫಕ್ರುದ್ದೀನ ಸರ್ ಒಂದು ಷರತ್ತು ಹಾಕಿದ್ದರು.

“ಅನುರಾಧಾ ಟೀಚರ್, ಮೊದಲು ನೀವೊಬ್ರು ನಡದು ಬರ್ರಿ. ಮೂರು ತಾಸಿನ್ಯಾಗ ಸುತ್ತು ಮುಗೀಬೇಕು. ದಾರಿ ಗಟ್ಟಿ ಅದ ಅಂತ ಸೋಮವಾರ ಬರದು ಕೊಡ್ರಿ, ನಾ ಸಹಿ ಹಾಕತೀನಿ. ಇಲ್ಲಂದ್ರ ಹುಡುಗ್ಯಾರು ಮನ್ಯಾಗೇ ಇರಲಿ.”

ಮನೆಯಲ್ಲೇ ಇರಲಿ ಎಂಬ ಮಾತು ನನಗೆ ಮೆಣಸಿನಕಾಯಿ ಘಾಟಿನಂತೆ ನೆತ್ತಿಗೇರಿತು. ಶುಕ್ರವಾರ ಸಂಜೆಯೇ ಬಸ್ಸು ಹತ್ತಿ ಹೋಗಿ, ಹಳೆಯ ಹಸಿರು ಸೀರೆಯೊಂದನ್ನು ಹರಿದು, ಕತ್ತಲಾಗುವಷ್ಟರಲ್ಲಿ ಕಂಡ ಕವಲುಗಳಲ್ಲೆಲ್ಲ ಜಾಲಿ ಗಿಡಗಳಿಗೆ ಹನ್ನೆರಡು ಚಿಂದಿ ಕಟ್ಟಿ ಬಂದೆ. ಚಿಂದಿ ಹಿಡಿದು ಹೋದರೆ ಕಣ್ಣು ಮುಚ್ಚಿದವರೂ ಕೆರೆ ಸುತ್ತಬಹುದು. ದೇಶದ ನಕ್ಷೆ ಬರೆದವರಿಗೂ ಅಂದು ನನ್ನಷ್ಟು ಜಂಬ ಇದ್ದಿರಲಿಕ್ಕಿಲ್ಲ.

ಭಾನುವಾರ ಹೊರಡುವಾಗ ಅತ್ತೆ ಮಲ್ಲಾಬಾಯಿ ಚಪ್ಪಲಿ ಇಲ್ಲದೆ ಬಾಗಿಲಲ್ಲಿ ಸಿದ್ಧರಾಗಿ ನಿಂತಿದ್ದರು. ಅರವತ್ತೆಂಟರ ಜೀವ, ಒಣಗಿದ ತೊಗರಿ ಕಟ್ಟಿಗೆಯಷ್ಟು ತೆಳ್ಳಗೆ, ಅಷ್ಟೇ ಗಟ್ಟಿ.

“ಕೆರಿ ಆಚಿ ದಂಡಿಗೆ ನನ್ನ ತವರೂರು. ನಾನೂ ಬರತೀನಿ.”

“ಬರ್ರಿ ಅತ್ತಿ. ಆದ್ರ ಖಾಲಿ ಕೈಲೆ.”

ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಚೀಟಿ ಹುಡುಕುವ ಗತ್ತಿನಲ್ಲಿ ಅವರ ಗಂಟು ಬಿಚ್ಚಿಸಿದೆ. ಕುಡುಗೋಲು, ಹಗ್ಗ, ನಾಲ್ಕು ರೊಟ್ಟಿ, ಶೇಂಗಾ ಹಿಂಡಿ. ಎಲ್ಲವನ್ನೂ ಕಟ್ಟೆಯ ಮೇಲೆ ಇಡಿಸಿದೆ. ಜೀವಮಾನವೆಲ್ಲ ದುಡಿದ ಹೆಂಗಸಿಗೆ ವಿಶ್ರಾಂತಿ ಎಂದರೇನೆಂದು ತೋರಿಸುವ ಔದಾರ್ಯ ನನ್ನದು!

“ಖಾಲಿ ಕೈ ಜೋಲ್ಯಾಡತಾವ ಬೇ. ಎಲ್ಲಿ ಇಡಬೇಕಂತ ತಿಳಿವಲ್ದು,” ಎಂದು ಅವರು ಬಸ್ಸಿನಲ್ಲಿ ಕೂತು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಕೆರೆಯ ಏರಿ ಹತ್ತಿದಾಗ ನನ್ನ ಬಾಯಿ ತಾನಾಗಿ ಮುಚ್ಚಿತು. ಮೂವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ ಒಮ್ಮೆಯೂ ಮುಚ್ಚದ ಬಾಯಿ. ಬಿಸಿಲು ನೀರಿನ ಮೇಲೆ ಆಗಷ್ಟೇ ಇಳಿದಿತ್ತು. ಬಣ್ಣದ ಕೊಕ್ಕರೆಗಳು ಒಂದೇ ಕಾಲಿನ ಮೇಲೆ ನಿಂತು ಇಡೀ ಕೆರೆಗೆ ಹಾಜರಿ ಹಾಕುವಂತಿದ್ದವು. ನೀಲಿ ಜೌಗುಕೋಳಿಯೊಂದು ಕೆಂಪು ಕೊಕ್ಕೆತ್ತಿ, ಎಲೆಯಿಂದ ಎಲೆಗೆ ಕಾಲಿಡುತ್ತ, ಹೊಸ ರೇಷ್ಮೆ ಸೀರೆ ಉಟ್ಟವಳಂತೆ ನಡೆಯಿತು. ದೂರದಲ್ಲಿ ಪಟ್ಟೆತಲೆ ಹೆಬ್ಬಾತುಗಳು. ಹಿಮಾಲಯ ದಾಟಿ ಬಂದಿವೆ. ಒಂದರ ಹತ್ತಿರವೂ ಒಂದು ಚೀಲವಿಲ್ಲ. ನನಗೆ ಬೇಕಾದ ಪ್ರಯಾಣ ಇಂಥದ್ದು ಅನ್ನಿಸಿತು.

ಏರಿ ಇಳಿದರೆ ಹುಣಸೆ ಮರಗಳ ಹಳೆಯ ತೋಪು. ಮೂವರು ಕೈ ಹಿಡಿದು ನಿಂತರೂ ತಬ್ಬಲಾಗದ ಬೊಡ್ಡೆಗಳು. ಒಳಗೆ ಮಜ್ಜಿಗೆಯಂಥ ತಂಪು. ಅತ್ತೆ ಒಂದು ಬೊಡ್ಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ನಾನೂ ಇಟ್ಟೆ. ಮರ ಬೆಚ್ಚಗಿತ್ತು.

ತೋಪು ದಾಟಿದ್ದೇ ನನ್ನ ಚಿಂದಿಗಳು ಶುರುವಾದವು. ಅಲ್ಲೊಂದು, ಇಲ್ಲೊಂದು, ಆ ಪೊದೆಗೆ ಎರಡು. ದಾರಿ ಎಷ್ಟು ಸ್ಪಷ್ಟವಾಗಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

“ಅನೂ, ದಾರಿ ಬಲಕ್ಕಲ್ಲೇನು?” ಎಂದರು ಅತ್ತೆ.

“ಚಿಂದಿ ಎಡಕ್ಕದಾವ ಅತ್ತಿ. ನಾನೇ ಕಟ್ಟೀನಿ.”

“ಹಸರು ಕಡುವಾಗಿದ್ದಲ್ಲಿ ನೆಲ ಸುಳ್ಳು ಹೇಳತೈತಿ ನೋಡು.”

ವಿಜ್ಞಾನ ಕಲಿಸುವವಳಿಗೆ ನೆಲದ ಪಾಠವೇ? ನಕ್ಕು ಮುಂದೆ ಹೆಜ್ಜೆ ಇಟ್ಟೆ. ನೆಲ ನಿಜಕ್ಕೂ ಸುಳ್ಳು ಹೇಳಿತ್ತು. ಬಲಗಾಲು ಮೊಣಕಾಲಿನವರೆಗೆ ಹೋಯಿತು. ಅದನ್ನು ತೆಗೆಯಲು ಹೋಗಿ ಎಡಗಾಲನ್ನೂ ಕೊಟ್ಟೆ. ಹೊಸ ಬೂಟುಗಳು ಪಾತಾಳ ಸೇರಿದವು. ಸುತ್ತ ಆಳೆತ್ತರದ ಆಪಿನ ಹುಲ್ಲು, ನಡುವೆ ನಾಟಿ ಮಾಡಿದ ಭತ್ತದ ಸಸಿಯಂತೆ ನಾನು. ಆ ಹೊತ್ತಿಗೇ ಫೋನು ಬಡಿದುಕೊಂಡಿತು.

“ಖಾರಪುಡಿ ಎಲ್ಲೈತಿ?” ಮನೆಯಿಂದ ಸಂಗಣ್ಣ.

“ರೀ, ನಾ ಕೆಸರಿನ್ಯಾಗ ಸಿಕ್ಕೊಂಡೀನಿ.”

“ಹಂಗಾರ ಲಗೂ ಹೇಳು, ಎಣ್ಣಿ ಕಾದೈತಿ.”

“ಎರಡನೇ ಹಲಗಿ ಮ್ಯಾಲ, ಹಳದಿ ಮುಚ್ಚಳದ ಡಬ್ಬಿ. ಅದರ ಬಾಜೂಕ ಅರಿಷಿಣ. ಜೀರಗಿ ಹಿಂದದ. ಒಲಿ ಸಣ್ಣ ಮಾಡ್ರಿ ಮೊದಲ!”

ಉತ್ತರ ಹೇಳುತ್ತ ಹೇಳುತ್ತ ಇನ್ನೂ ನಾಲ್ಕು ಬೆರಳು ಇಳಿದೆ. ಅತ್ತೆ ಗಟ್ಟಿ ನೆಲದ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

“ಕೈ ಖಾಲಿ ಮಾಡಿದಿ ತಂಗಿ. ತಲಿ ಯಾವಾಗ ಖಾಲಿ ಮಾಡತಿ?”

ಬಿಡುವಿನಲ್ಲಿ ಕಥೆ ಬರೆಯುವ ಚಟ ನನಗೆ. ಇಪ್ಪತ್ತೊಂದು ವರ್ಷದಲ್ಲಿ ಬರೆದ ಕಥೆಗಳಲ್ಲಿ ಎಲ್ಲಿಯೂ ಇಂಥ ಒಂದು ವಾಕ್ಯ ಬಂದಿರಲಿಲ್ಲ. ಕೆಸರಲ್ಲಿ ಹೂತು ನಿಂತು ಅದನ್ನು ಕೇಳಬೇಕಾಯಿತು.

“ಈಗ ಒದ್ಯಾಡಬ್ಯಾಡ. ಹೊಟ್ಟಿ ಮ್ಯಾಲ ಮಲಕೋ.”

“ಅತ್ತಿ, ನಾ ಟೀಚರ್ ಅದೀನಿ.”

“ಕೆಸರಿಗೆ ಗೊತ್ತಿಲ್ಲ ಅದು.”

ಕುಡುಗೋಲು ನಾನೇ ಕಿತ್ತಿಟ್ಟಿದ್ದೆ. ಅವರು ಆಪನ್ನು ಬರಿಗೈಯಲ್ಲಿ ಬುಡಕ್ಕೆ ಮುರಿದು, ಅಡ್ಡಡ್ಡ ಹಾಸಿ, ಕಾಲಿಂದ ತುಳಿದು, ನೋಡನೋಡುತ್ತಿದ್ದಂತೆ ಚಾಪೆಯಂಥ ದಾರಿ ಹೆಣೆದರು. ಖಾಲಿ ಕೈಗಳಿಗೆ ಕೆಲಸ ಸಿಕ್ಕ ಖುಷಿ ಅವರ ಮುಖದ ಮೇಲೆ ಕಾಣುತ್ತಿತ್ತು. ನಾನು ಹೊಟ್ಟೆಯ ಮೇಲೆ, ಎಮ್ಮೆ ದಡ ಹತ್ತುವ ಸಕಲ ಗಾಂಭೀರ್ಯದೊಂದಿಗೆ, ಹೊರಗೆ ತೆವಳಿದೆ.

ಆಗ ಆಪಿನ ಹೊರೆ ಹೊತ್ತ ಹೆಂಗಸೊಬ್ಬಳು ಆ ದಾರಿಯಲ್ಲೇ ಬಂದಳು. ಹೊರೆ ಅಲುಗದಂತೆ ಕುಕ್ಕರಿಸಿ, ಸೊಂಟದಿಂದ ಹಸಿರು ಬಟ್ಟೆಯ ತುಂಡು ತೆಗೆದು ಜಾಲಿ ಗಿಡಕ್ಕೆ ಕಟ್ಟಿ ಕೈ ಮುಗಿದಳು. ಆಪಿನ ಚಾಪೆ ಹೆಣೆಯುವ ತಿಮ್ಮವ್ವ, ಅತ್ತೆಯ ತವರಿನವಳು.

“ಯಾರಿಗೆ ಹರಕಿ ಕಟ್ಟಿದಿ ತಿಮ್ಮವ್ವಾ?” ಅತ್ತೆ ಕೇಳಿದರು.

“ಯಾರಂತ ಗೊತ್ತಿಲ್ಲಬೇ. ಶುಕ್ರವಾರ ಯಾರೋ ಕಟ್ಟಿ ಹೋಗ್ಯಾರ. ಹಸರು ಬಟ್ಟಿ, ಹಂಗಾರ ಯಾರೋ ಶರಣ ಪೀರಪ್ಪಂದೇ ಇರಬೇಕು. ಆಪು ಕೊಯ್ಯೋರೆಲ್ಲ ತಾವು ತಾವು ಹೋಗೋ ದಾರ್ಯಾಗ ಒಂದೊಂದು ಕಟ್ಟಾಕತ್ತೇವಿ. ನನ್ನ ಮಗಳಿಗೆ ನರ್ಸ್ ಟ್ರೇನಿಂಗ್ ಸೀಟು ಸಿಗಲಿ ಅಂತ ಬೇಡಕೊಂಡೀನಿ.”

ಕೆಸರಿನಲ್ಲಿ ಅದ್ದಿ ತೆಗೆದ ಹೊಸ ಪೀರಪ್ಪ ಎದುರಿಗೇ ನಿಂತಿರುವುದು ಅವಳಿಗೆ ತಿಳಿಯಲಿಲ್ಲ. ಹೇಳೋಣವೆಂದು ನಾನು ಬಾಯಿ ತೆರೆದೆ. ಅತ್ತೆ ಕಣ್ಣಲ್ಲೇ ತಡೆದರು.

“ಸೀಟು ಸಿಗಲಿ ಬಿಡು,” ಎಂದು ಅವಳ ಹೊರೆಯನ್ನು ಸರಿಪಡಿಸಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಎಮ್ಮಿ ಹೆಜ್ಜಿ ಇದ್ದಲ್ಲಿ ಮಾತ್ರ ಕಾಲಿಡು. ಎಮ್ಮಿ ಎಂದೂ ಹುಗಿಯಂಗಿಲ್ಲ,” ಎಂದರು.

ಮುಂದಿನ ದಾರಿಯನ್ನೆಲ್ಲ ನಾನು ಅವರ ಹಿಮ್ಮಡಿಗಳನ್ನೇ ನೋಡುತ್ತ ನಡೆದೆ. ನೀರು ಎಲ್ಲಿ ಆಳ, ಬಾತು ಎಲ್ಲಿ ಮೊಟ್ಟೆ ಇಡುತ್ತದೆ, ಯಾವ ಹುಣಸೆಯ ಕೆಳಗೆ ಬಸುರಿಯೊಬ್ಬಳು ಹುಲ್ಲಿನ ಹೊರೆ ಇಳಿಸಿ ಮಗು ಹೆತ್ತಳು, ಎಲ್ಲ ಅವರಿಗೆ ಗೊತ್ತಿತ್ತು. ಮದುವೆಗೆ ಮೊದಲು ಹತ್ತು ವರ್ಷ ತಲೆಯ ಮೇಲೆ ಆಪು ಹೊತ್ತು ದಿನಾ ಈ ಕೆರೆ ಸುತ್ತಿದ್ದಾರೆ. ಅವರ ಜೊತೆ ಒಂದೇ ಸೂರಿನಡಿ ಇದ್ದು ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಸುತ್ತು ಮುಗಿದಾಗ ಐದು ತಾಸು ಕಳೆದಿತ್ತು. ನಲವತ್ತು ಹುಡುಗಿಯರ ಭಾನುವಾರ ಕೆಸರು ಪಾಲಾಯಿತು ಎಂದುಕೊಂಡೆ. ಸೋಮವಾರ ಸುಳ್ಳು ಬರೆಯಲು ಪೆನ್ನು ಎತ್ತಿದೆ, ಆಗಲಿಲ್ಲ. ಬೂಟಿನ ಸಮೇತ ನಿಜ ಬರೆದುಕೊಟ್ಟೆ. ಫಕ್ರುದ್ದೀನ ಸರ್ ಎರಡು ಸಲ ಓದಿದರು. ನಗು ತಡೆಯಲು ಮೂರು ಸಲ ಕೆಮ್ಮಿದರು.

“ದಾರಿ ಗಟ್ಟಿ ಅದ ಟೀಚರ್. ದಾರಿ ತೋರ್ಸೋರೇ ಗಟ್ಟಿ ಇಲ್ಲ. ನಿಮ್ಮ ಅತ್ತಿಯವರು ಮುಂದ ನಡದ್ರ ಸಹಿ ಹಾಕತೀನಿ. ನೀವು ಮುಂದ ಅಂದ್ರ ಇಲ್ರಿ.”

ಸಂಜೆ ಅತ್ತೆಯ ಮುಂದೆ ಕೂತು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಒಪ್ಪಿದರು. “ಹುಡುಗ್ಯಾರ ಬುತ್ತಿ ನೀ ಕಟ್ಟಬ್ಯಾಡ, ನಾನೂ ಕಟ್ಟಂಗಿಲ್ಲ. ಸಂಗಣ್ಣ ಕಟ್ಟಲಿ.”

ಸಂಗಣ್ಣ ಪೇಪರು ಎತ್ತಿದರು. ಅದು ಮೊನ್ನೆಯ ಪೇಪರು.

ಮುಂದಿನ ಭಾನುವಾರ ನಲವತ್ತು ಹುಡುಗಿಯರು ಒಂದೇ ಸಾಲಿನಲ್ಲಿ, ಎಮ್ಮೆಯ ಹೆಜ್ಜೆ ಮೆಟ್ಟುತ್ತ, ಅತ್ತೆಯ ಹಿಂದೆ ನಡೆದರು. ಸಂಗಣ್ಣ ಬುತ್ತಿ ಕಾಯುತ್ತ ಏರಿಯ ಮೇಲೆ ಕೂತಿದ್ದರು; ಯಾರ ಕೈಯಲ್ಲೂ ಏನೂ ಇರಲಿಲ್ಲ. ಎಲ್ಲರ ಹಿಂದೆ, ನಲವತ್ತೊಂದನೆಯವಳಾಗಿ, ನಾನು. ಹೆಬ್ಬಾತುಗಳ ಹಿಂಡು ಕಂಡಿತು. ತಡೆಯಲಾಗಲಿಲ್ಲ, ಅವುಗಳ ವಲಸೆ, ಎತ್ತರ, ರೆಕ್ಕೆಯ ಅಳತೆ ಎಲ್ಲವನ್ನೂ ಗಟ್ಟಿಯಾಗಿ ವಿವರಿಸತೊಡಗಿದೆ. ಸಾಲಿನ ಮುಂದೆ ಅತ್ತೆ ನಿಂತರು. ಮೊದಲ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದರು. ಅವಳು ಹಿಂದಿನವಳಿಗೆ, ಆಕೆ ಅವಳ ಹಿಂದಿನವಳಿಗೆ, ಹೀಗೆ ನಲವತ್ತು ಕಿವಿ ದಾಟಿ ಆ ಮಾತು ಒಂದು ಅಕ್ಷರವೂ ಕಡಿಮೆಯಾಗದೆ ನನ್ನ ಹತ್ತಿರ ಬಂತು. ಕೊನೆಯ ಹುಡುಗಿ ಬಹಳ ಮರ್ಯಾದೆಯಿಂದ ತಲುಪಿಸಿದಳು:

“ಟೀಚರ್, ಹಿಂದ ಗದ್ಲ ಮಾಡಾಕತ್ತ ಹುಡುಗಿಗೆ ಬಾಯಿ ಮುಚಗೊಂಡು ಬರಾಕ ಹೇಳಬೇಕಂತ್ರಿ.”