ಇಲ್ಲದ ನಾಡಿಗೊಂದು ನಕ್ಷೆ

ಇರುವ ಊರಿಗೆ ದಾರಿ ಹೇಳುವುದರಲ್ಲಿ ಒಂದು ಅಪಾಯವಿದೆ: ದಾರಿ ತಪ್ಪಿದರೆ ಕೇಳಿದವನು ತಿರುಗಿ ಬಂದು ಬೈಯುತ್ತಾನೆ. ಇಲ್ಲದ ಊರಿಗೆ ದಾರಿ ಹೇಳುವುದರಲ್ಲಿ ಈ ಅಪಾಯವಿಲ್ಲ. ತಪ್ಪಿತೆಂದು ಹೇಳಲು ಅಲ್ಲಿಂದ ಯಾರೂ ತಿರುಗಿ ಬರಲಾರರು. ಹೀಗೆಂದು ನಾನು ಬಹುಕಾಲ ನಂಬಿದ್ದೆ. ನನ್ನ ನಂಬಿಕೆಗಳಲ್ಲಿ ಹೆಚ್ಚಿನವು ನೋಡಲು ಚೊಕ್ಕಟವಾಗಿರುತ್ತವೆ, ಬಳಸಿದಾಗ ಮಾತ್ರ ಹರಿದುಹೋಗುತ್ತವೆ.

ಪ್ರೌಢಶಾಲೆಯಲ್ಲಿ ಕನ್ನಡವನ್ನೂ, ಶಿಕ್ಷಕರ ಕೊರತೆ ಬಿದ್ದಾಗಲೆಲ್ಲ ಭೂಗೋಳವನ್ನೂ ಕಲಿಸಿ, ಅವಧಿಗೆ ಮುನ್ನವೇ ನಿವೃತ್ತಿ ಪಡೆದು ಬೀದರಿನ ಮೈಲೂರಿನಲ್ಲಿ ನೆಲೆಸಿರುವವನು ನಾನು. ನಿವೃತ್ತನಾದದ್ದು ನೌಕರಿಯಿಂದ ಮಾತ್ರ, ತಿದ್ದುವುದರಿಂದಲ್ಲ. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಇಂದಿಗೂ ಕೆಂಪು ಶಾಯಿಯಲ್ಲಿ ತಿದ್ದಿಡುತ್ತೇನೆ. ಅವುಗಳನ್ನು ಬೀಗರಿಗೆ ಹಿಂದಿರುಗಿಸದಂತೆ ತಡೆದು ಮದುವೆಯ ಊಟಗಳನ್ನು ಉಳಿಸಿಕೊಟ್ಟವಳು ನನ್ನ ಹೆಂಡತಿ ಸುಮಂಗಲೆ. ಅವಳು ಔರಾದ ತಾಲೂಕಿನ ಚಿಂತಾಕಿಯವಳು. ಅವಳ ತಂಗಿ ಶೈಲಜಾ ಭಾಲ್ಕಿಯ ಒಂದು ಕಚೇರಿಯಲ್ಲಿ ನೌಕರಿ ಮಾಡುತ್ತಾಳೆ, ಮತ್ತು ಯಾರಿಗೂ ಹೇಳದೆ ಮಕ್ಕಳಿಗಾಗಿ ಒಂದು ಕಥೆ ಬರೆದಿದ್ದಾಳೆ. ರಾಕ್ಷಸಿಯೊಬ್ಬಳು ಊರ ಬಾವಿಯ ಸಿಹಿನೀರನ್ನು ಕದ್ದೊಯ್ದಳೆಂದೂ, ಚಿನ್ನಿ ಎಂಬ ಹುಡುಗಿ ಕೋಟೆಯಿಂದ ಹೊರಟು, ಹೊಳೆ ದಾಟಿ, ಬೆಟ್ಟ ಹತ್ತಿ, ಗುಹೆಯಿಂದ ಅದನ್ನು ಮರಳಿ ತಂದಳೆಂದೂ ಕಥೆ. ಪ್ರತಿ ಅಧ್ಯಾಯದ ಕೊನೆಯಲ್ಲೂ ‘ಈಗ ನಕ್ಷೆ ನೋಡಿ, ಚಿನ್ನಿ ಎಲ್ಲಿದ್ದಾಳೆ?’ ಎಂದು ಬರೆದಿದ್ದಾಳೆ. ಪುಸ್ತಕದಲ್ಲಿ ಎಲ್ಲವೂ ಇತ್ತು. ನಕ್ಷೆ ಮಾತ್ರ ಇರಲಿಲ್ಲ.

“ಮಾಮಾ, ನೀವು ಬೋರ್ಡಿನ ಮ್ಯಾಲ ಕಣ್ಣು ಮುಚ್ಚಿ ಭಾರತ ತೆಗೀತಿದ್ರಂತ. ಇದೊಂದು ನಕ್ಷಾ ಮಾಡಿ ಕೊಡ್ರಿ. ಕಂಪ್ಯೂಟರಿನಾಗೇ ಆಗಬೇಕಂತ, ಕೈಲೆ ತೆಗದು ಫೋಟೋ ಹೊಡದ್ರ ಮಸುಕು ಬರ್ತದಂತ ಪ್ರೆಸ್ಸಿನವರು. ತಿಂಗಳ ಕಡೀಗಿ ನಕ್ಷಾ ಸಿಗಲಿಲ್ಲಂದ್ರ ಹಂಗೇ ಅಚ್ಚಿಗಿ ಹಾಕ್ತಾರಂತ್ರಿ. ನನ್ನ ಮೊದಲ್ನೇ ಪುಸ್ತಕ, ಮರೀಬ್ಯಾಡ್ರಿ,” ಎಂದಳು.

ನಾನು ಒಪ್ಪಿದೆ. ಆದರೆ ಯಾವುದೇ ಕೆಲಸಕ್ಕೆ ಮೊದಲು ಸಾಧನ, ಆಮೇಲೆ ಸಾಧನೆ ಎಂಬುದು ನನ್ನ ಕ್ರಮ. ಕಲ್ಪಿತ ನಾಡಿನ ನಕ್ಷೆ ಮಾಡುವವರಿಗೆಂದೇ ಇಷ್ಟೊಂದು ತಂತ್ರಾಂಶಗಳಿವೆಯೆಂದು ನನಗೆ ತಿಳಿದಿರಲಿಲ್ಲ. ಇರುವ ನಾಡಿನ ರಸ್ತೆಗಳ ಬಗ್ಗೆ ಜಗತ್ತು ಇಷ್ಟು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ.

ಮೊದಲು ಪರೀಕ್ಷಿಸಿದ್ದು ತಾನೇ ನಾಡು ಹುಟ್ಟಿಸುವ ಬಗೆಯದು. ಒಂದು ಗುಂಡಿ ಒತ್ತಿದರೆ ಸಾಕು: ಖಂಡ, ಬೆಟ್ಟ, ನದಿ, ರಾಜ್ಯ, ರಾಜಧಾನಿ ಎಲ್ಲವೂ ಕ್ಷಣದಲ್ಲಿ ಸಿದ್ಧ. ಒತ್ತಿದೆ. ಬಂದ ಖಂಡದಲ್ಲಿ ಮರಳುಗಾಡಿನ ಒಳಗೇ ಬಂದರಿತ್ತು. ಭೂಗೋಳದವನಾಗಿ ಒಪ್ಪಲಾರದೆ ಮತ್ತೆ ಒತ್ತಿದೆ. ಇನ್ನೊಂದು ಖಂಡ, ಇನ್ನೊಂದು ದೋಷ. ಹೀಗೆ ಇಡೀ ಮುಂಜಾನೆ ನಾಡುಗಳನ್ನು ಹುಟ್ಟಿಸಿ, ಅನುತ್ತೀರ್ಣಗೊಳಿಸಿ, ಅಳಿಸುತ್ತ ಕುಳಿತೆ. ಸೃಷ್ಟಿಗೂ ಲಯಕ್ಕೂ ಅಲ್ಲಿ ಒಂದೇ ಗುಂಡಿ. ಇಂಥ ಅಧಿಕಾರ ನನಗೆ ಶಾಲೆಯಲ್ಲಿಯೂ ಇರಲಿಲ್ಲ.

ಎರಡನೆಯ ಬಗೆಯದರಲ್ಲಿ ಬೆಟ್ಟ, ಮರ, ಮನೆಗಳ ಸಿದ್ಧ ಚಿತ್ರಗಳನ್ನು ಠಸ್ಸೆ ಹೊಡೆದಂತೆ ಒತ್ತುತ್ತ ಹೋಗಬೇಕು. ಹೊಸಬರಿಗೆ ಇದೇ ಹಿತವೆಂದು ಎಲ್ಲರೂ ಹೇಳುತ್ತಾರೆ. ಹಿತವೇನೋ ಹೌದು, ಆದರೆ ಮರವೆಂದರೆ ಹಿಮ ಬೀಳುವ ದೇಶದ ಚೂಪು ಮರ, ಮನೆಯೆಂದರೆ ಹೊಗೆಗೂಡಿನ ಮನೆ. ಜಾಲಿಯಿಲ್ಲ, ಬೇವಿಲ್ಲ, ಮುಖ್ಯವಾಗಿ ಬಾವಿಯೇ ಇಲ್ಲ. ಬಾವಿಯ ಕಥೆಗೆ ಬಾವಿಯಿಲ್ಲದ ನಕ್ಷೆಯೆ? ಮೇಲಾಗಿ ಆ ಚಿತ್ರಗಳನ್ನು ಮನೆಮಟ್ಟಿಗೆ ಬಳಸಬಹುದು, ಪುಸ್ತಕದಲ್ಲಿ ಅಚ್ಚು ಹಾಕಿಸಲು ಬೇರೆ ಅನುಮತಿ ಬೇಕು. ಇದು ತಿಳಿದದ್ದು ಷರತ್ತುಗಳನ್ನು ಮೊದಲಿಂದ ಕೊನೆಯವರೆಗೆ ಓದಿದ್ದರಿಂದ. ಅವನ್ನು ಓದಿದ ಏಕೈಕ ಮನುಷ್ಯ ಬಹುಶಃ ನಾನೇ. ಓದುವಾಗ ಎರಡು ಅಲ್ಪವಿರಾಮಗಳ ಬಗ್ಗೆ ಆಕ್ಷೇಪವೂ ಇತ್ತು.

ಮೂರನೆಯದು ಗೆರೆಗಳನ್ನು ಎಷ್ಟು ಹಿಗ್ಗಿಸಿದರೂ ಮಸುಕಾಗದಂತೆ ಇಡುವಂಥದು. ಬಹಳ ಶಿಸ್ತಿನದು; ನನಗೆ ಕೂಡಲೇ ಗೌರವ ಹುಟ್ಟಿತು. ಆದರೆ ನಾನು ಹಾಕಿಕೊಂಡಿದ್ದರಲ್ಲಿ ‘ರಾಕ್ಷಸಿ’ ಎಂದು ಬರೆದೊಡನೆ ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ಹೋಗಿ ನಿಂತಿತು. ಸೊನ್ನೆ ಕೊಡುವ ಹಳೆಯ ಸುಖವನ್ನು ಅನುಭವಿಸುತ್ತ ಅದನ್ನೂ ತಿರಸ್ಕರಿಸಿದೆ.

ಸುಮಂಗಲೆ ಚಹಾ ಇಟ್ಟು ಹೋಗುವಾಗ, “ಸೀರಿ ಅಂಗಡ್ಯಾಗ ನಾ ನಾಕು ಸೀರಿ ಇಳಿಸಿದ್ರ ಮಾರಿ ಗಂಟು ಹಾಕ್ತೀರಿ. ನೀವು ಅಂಗಡಿ ಮ್ಯಾಲ ಅಂಗಡಿ ಇಳಿಸ್ಲತ್ತೀರಲ್ಲ!” ಎಂದಳು. ತುಲನಾತ್ಮಕ ಅಧ್ಯಯನಕ್ಕೂ ಚೌಕಾಶಿಗೂ ವ್ಯತ್ಯಾಸವಿದೆಯೆಂದು ವಿವರಿಸತೊಡಗಿದೆ. ಅವಳು ಅಷ್ಟರಲ್ಲಿ ಅಡುಗೆಮನೆಯಲ್ಲಿದ್ದಳು.

ತಿಂಗಳ ಕೊನೆ ಬಾಗಿಲಿಗೆ ಬಂತು. ಶೈಲಜಾ ಫೋನು ಮಾಡಿದಳು. ಅವಳ ದನಿಯಲ್ಲಿ ಅಳು ಇನ್ನೂ ಬಂದಿರಲಿಲ್ಲ, ಹೊರಟಿತ್ತು. “ಯಾವುದರಾಗರೆ ತೆಗೀರಿ ಮಾಮಾ. ಪುಸ್ತಕದಾಗ ನಕ್ಷಾ ಕಾಣ್ತದ, ಸಾಫ್ಟ್‌ವೇರ್ ಕಾಣಲ್ಲ!”

ಇಷ್ಟು ನಿರ್ದೋಷವಾದ ವಾಕ್ಯಕ್ಕೆ ಪೂರ್ಣ ಅಂಕ ಕೊಟ್ಟೆ. ಮುಂದೆ ಸಿಕ್ಕಿದ ಒಂದು ಸಾದಾ ಚಿತ್ರ ಬರೆಯುವ ತಂತ್ರಾಂಶವನ್ನು, ಹೆಸರನ್ನೂ ಸರಿಯಾಗಿ ನೋಡದೆ, ತೆರೆದೆ. ಅದರಲ್ಲಿ ಪದರಗಳೆಂಬ ಏರ್ಪಾಡಿದೆ: ತಿಳಿಹಾಳೆಗಳನ್ನು ಒಂದರ ಮೇಲೊಂದು ಹಾಸಿದಂತೆ. ಒಂದರಲ್ಲಿ ನೆಲ, ಒಂದರಲ್ಲಿ ಹೆಸರು, ಒಂದರಲ್ಲಿ ಚೌಕಟ್ಟು. ಒಂದನ್ನು ತಿದ್ದಿದರೆ ಇನ್ನೊಂದು ಕೆಡದು. ಮಕ್ಕಳ ಉತ್ತರಪತ್ರಿಕೆಗಳಲ್ಲಿ ಈ ಸೌಲಭ್ಯವಿದ್ದಿದ್ದರೆ ನನ್ನ ಕೆಂಪು ಶಾಯಿಯನ್ನು ಅವರು ಒಂದೇ ಒತ್ತಿಗೆ ಮರೆಮಾಡುತ್ತಿದ್ದರು.

ಮರುದಿನವೇ ಮೊದಲ ಕರಡನ್ನು ಶೈಲಜಾಳಿಗೆ ಕಳಿಸಿದೆ. ಜೋಡಿಗೆರೆಯ ಅಂಚು, ಅಡಿಗೆರೆಯ ಶೀರ್ಷಿಕೆ, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ, ಕೆಳಗೆ ಅಳತೆಯ ಪಟ್ಟಿ, ಬಲಕ್ಕೆ ಸಂಕೇತಗಳ ಸೂಚಿ. ಶಾಲೆಯ ಕ್ರಮವೇ ಅದು. ಅಂಚಿಲ್ಲದೆ ನೆಲ ಬರೆದ ಮಕ್ಕಳಿಗೆ ನಾನು ಅಂಕವನ್ನೇ ಕೊಡುತ್ತಿರಲಿಲ್ಲ.

“ಮಾಮಾ, ಚೌಕಟ್ಟು ಮಸ್ತ್ ಅದರಿ,” ಎಂದಳು ಅವಳು. “ನಾಡು ಎಲ್ಲದರಿ?”

“ಅದು ಮುಂದಿನ ಹಂತ,” ಎಂದೆ.

“ನಾಳಿ ಸಂಜಿಗಿ ಪ್ರೆಸ್ಸಿಗಿ ಕೊಡಬೇಕ್ರಿ ಮಾಮಾ! ಒಳಗ ಏನರೆ ಹಾಕ್ರಿ!”

ಹಾಕಬೇಕು, ಏನನ್ನು? ಕಾಗುಣಿತ ತಪ್ಪದೆ ಬಾಳಿದವನಿಗೆ ಇಲ್ಲದ ಬೆಟ್ಟವನ್ನು ನಿಲ್ಲಿಸುವ ಧೈರ್ಯ ಎಲ್ಲಿಂದ ಬರಬೇಕು? ಖಾಲಿ ಚೌಕಟ್ಟಿನ ಮುಂದೆ ಬಹಳ ಹೊತ್ತು ಕುಳಿತೆ. ಕೊನೆಗೆ ಕಣ್ಣು ಮುಚ್ಚಿ ಕೈಯನ್ನು ಅದರ ಪಾಡಿಗೆ ಬಿಟ್ಟೆ. ಆಶ್ಚರ್ಯ! ಕೈ ಓಡತೊಡಗಿತು. ನಡುವೆ ದಿಬ್ಬದ ಮೇಲೊಂದು ಕೋಟೆ, ಅದರ ಬಡಗಣಕ್ಕೆ ಬಳುಕುತ್ತ ಹರಿಯುವ ಹೊಳೆ, ಹೊಳೆ ದಾಟಿ ಬೆಟ್ಟಗಳ ನಡುವೆ ಸಾಗುವ ದಾರಿ, ದಾರಿಯ ತುದಿಯಲ್ಲಿ ರಾಕ್ಷಸಿಯ ಗುಹೆ. ಕೋಟೆಯ ಪಕ್ಕದಲ್ಲಿ ಚಿನ್ನಿಗೆ ಬುದ್ಧಿ ಹೇಳುವ ಜ್ಞಾನಿಯ ಆಶ್ರಮ. ನನ್ನೊಳಗೆ ಇಂಥ ಕಲ್ಪನಾಶಕ್ತಿ ಅಡಗಿತ್ತೆಂದು ನನಗೇ ತಿಳಿದಿರಲಿಲ್ಲ. ಸುಮಂಗಲೆಯನ್ನು ಕರೆದು ತೋರಿಸಿದೆ.

ಅವಳು ಬೆರಳಿಟ್ಟು ನೋಡಿದಳು. “ಇದು ಮಾಂಜ್ರಾ ಹೊಳಿ ಅಲ್ಲೇನ್ರಿ?”

“ಛೆ, ಅದು ಕಥೆಯ ಹೊಳೆ.”

“ಇದು ನಮ್ಮ ಬೀದರ ಕೋಟಿ. ಇದು ಔರಾದ ಬಸ್ಸಿನ ದಾರಿ, ಇಲ್ಲಿ ಸಂತಪುರ. ಇಲ್ಲಿಂದ ಹಿಂಗ ಹೋದ್ರ...” ಬೆರಳು ನಿಂತಿತು. ದನಿ ಏರಿತು. “ಚಿಂತಾಕ್ಯಾಗ ರಾಕ್ಷಸಿನ್ನ ಕುಂದರಿಸೀರೇನ್ರಿ? ನಮ್ಮ ತವರಮನಿ ಜಾಗದಾಗ? ಮತ್ತ ಈ ಜ್ಞಾನಿ ಆಶ್ರಮ ಮೈಲೂರಾಗ! ಭಾರಿ ಛಲೋ ಹಂಚೀರಿ!”

“ಇದು ಕಲ್ಪನೆ. ಕಲ್ಪನೆಗೂ ಊರುಗಳಿಗೂ ಸಂಬಂಧವಿಲ್ಲ,” ಎಂದು ಗಂಭೀರವಾಗಿ ಹೇಳಿದೆ. ಆದರೆ ನಕ್ಷೆಯ ದಾರಿಗುಂಟ ನಾನೂ ಬೆರಳಾಡಿಸಿದೆ. ವರ್ಷಗಟ್ಟಲೆ ಹಬ್ಬಕ್ಕೆ, ತೊಟ್ಟಿಲಿಗೆ, ಸೀಮಂತಕ್ಕೆ ಎಂದು ಬಸ್ಸಿನ ಕಿಟಕಿಯಿಂದ ಕಂಡ ಪ್ರತಿ ತಿರುವೂ ಅಲ್ಲಿತ್ತು.

“ಹಾಗಾದರೆ ಗುಹೆಯನ್ನು ಸ್ವಲ್ಪ ಸರಿಸುತ್ತೇನೆ,” ಎಂದೆ.

“ಎಲ್ಲಿ ಸರಸ್ತೀರಿ? ಸಂತಪುರದಾಗ ಸೋದರತ್ತಿ ಅದಾಳ.”

“ಔರಾದದ ಕಡೆಗೆ?”

“ಅಲ್ಲಿ ಕಾಕಾನ ಮನಿ. ನೀವು ಎರಡು ಸಲ ಹುಗ್ಗಿ ಉಂಡು ಬಂದೀರಿ.”

ಔರಾದ ತಾಲೂಕಿನಲ್ಲಿ ರಾಕ್ಷಸಿಗೆ ಕಾಲೂರಲು ಸಹ ಜಾಗ ಸಿಗದಷ್ಟು ನನ್ನ ಬೀಗರಿದ್ದರು. ಹೊಸದಾಗಿ ಬರೆಯಲು ಹೊತ್ತಿರಲಿಲ್ಲ. ಆಗ ನೆಲದ ಪದರವೊಂದನ್ನೇ ತಿರುಗಿಸುವ ಗುಂಡಿ ಕಣ್ಣಿಗೆ ಬಿತ್ತು. ಕೋಟೆಯಿಂದ ಹೊರಟು ಹೊಳೆ ದಾಟಿದರೆ ಕಥೆಗೆ ಸಾಕು; ಯಾವ ದಿಕ್ಕಿಗೆಂದು ಶೈಲಜಾ ಎಲ್ಲಿಯೂ ಬರೆದಿರಲಿಲ್ಲ. ಬಲಕ್ಕೆ ಕಾಲುಸುತ್ತು ತಿರುಗಿಸಲು ಹೊರಟೆ.

“ಬಲಕ್ಕ ಬ್ಯಾಡ್ರಿ, ಆ ಕಡಿ ತೆಲಂಗಾಣ. ಅಲ್ಲಿ ನಮ್ಮ ಚಿಕ್ಕಮ್ಮನ್ನ ಕೊಟ್ಟಾರ. ಎಡಕ್ಕ ತಿರುಗಸ್ರಿ,” ಎಂದಳು ಸುಮಂಗಲೆ.

ಎಡಕ್ಕೆ ತಿರುಗಿಸಿದೆ; ಬಡಗಣದ ಗುಹೆ ಪಡುವಣಕ್ಕೆ ಹೋಯಿತು. ಹೆಸರುಗಳನ್ನು ಹೊಸ ಜಾಗಗಳಿಗೆ ಎಳೆದು ಕೂಡಿಸಿ, ಜ್ಞಾನಿಯ ಆಶ್ರಮವನ್ನು ಮಾತ್ರ ಹೇಗೋ ಕೋಟೆಯ ಪಕ್ಕದಲ್ಲೇ ಉಳಿಸಿಕೊಂಡು, ಹೇಳಿದ ಸಂಜೆಗೆ ಕಳಿಸಿದೆ. “ಮಾಮಾ, ಇದು ಖರೆ ಖರೆ ಚಿನ್ನಿ ನಾಡೇ!” ಎಂದು ಶೈಲಜಾ ಫೋನಿನಲ್ಲಿ ಕುಣಿದಳು. ಪುಸ್ತಕ ಬಂತು. ಮೊದಲ ಪುಟದಲ್ಲಿ ನಕ್ಷೆ, ಅದರ ಕೆಳಗೆ ನನ್ನ ಹೆಸರು, ಒಂದೂ ತಪ್ಪಿಲ್ಲದೆ.

ಅಂದು ಸುಮಂಗಲೆ ಪುಟ ಬಿಡಿಸಿ ಬಹಳ ಹೊತ್ತು ನೋಡಿದಳು. “ಏನ್ರಿ, ಬೀದರದಿಂದ ಪಡುವಣಕ್ಕ ಇಷ್ಟೇ ದೂರ ಹೋದ್ರ ಯಾವ ಊರು ಬರ್ತದ?”

“ಹಲವಾರು ಊರುಗಳು ಬರುತ್ತವೆ,” ಎಂದೆ.

“ಅದರಾಗ ಖಟಕ ಚಿಂಚೋಳಿನೂ ಬರ್ತದಲ್ಲ?”

ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ ನಾನು ಹುಟ್ಟಿದ ಊರು. ನನ್ನ ಅಣ್ಣ, ಅತ್ತಿಗೆ ಈಗಲೂ ಅಲ್ಲಿಯೇ ಇದ್ದಾರೆ. ಪುಸ್ತಕ ಕಸಿದು ನೋಡಿದೆ. ಗುಹೆ ಸರಿಯಾಗಿ ಅಲ್ಲಿಯೇ ಬಾಯಿ ತೆರೆದುಕೊಂಡಿತ್ತು. “ಎಡಕ್ಕೆ ತಿರುಗಿಸು ಎಂದಾಗ ನಿನಗಿದು ಗೊತ್ತಿತ್ತೆ?” ಎಂದು ಕೇಳಿದೆ.

“ನಾ ಕಂಪ್ಯೂಟರ್ ಮುಟ್ಟೀನೇನ್ರಿ? ಇದು ಕಲ್ಪನೆ, ಊರುಗಳಿಗೂ ಅದಕ್ಕೂ ಸಂಬಂಧ ಇಲ್ಲ ಅಂದವರು ನೀವಲ್ಲ?”

ಸುಮಂಗಲೆ ಈ ಸುದ್ದಿಯನ್ನು ತವರಿಗೂ ಮುಟ್ಟಿಸಿದಳು. ಈಚೆಗೆ ಚಿಂತಾಕಿಯಿಂದ ನನ್ನ ಭಾವಮೈದುನ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ಒಂದೇ: “ಏನ್ರಿ ಮಾಮಾ, ರಾಕ್ಷಸಿ ಮನ್ಯಾಗ ಎಲ್ಲಾರೂ ಆರಾಮ್ ಅದಾರ?” ಸಾವಿರಾರು ವಿದ್ಯಾರ್ಥಿಗಳಿಗೆ ಪ್ರಶ್ನೆಗೆ ಪೂರ್ಣವಾಕ್ಯದಲ್ಲಿಯೇ ಉತ್ತರಿಸಬೇಕೆಂದು ಕಲಿಸಿದವನು ನಾನು. ಆದ್ದರಿಂದ ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ: “ರಾಕ್ಷಸಿಯ ಮನೆಯಲ್ಲಿ ಎಲ್ಲರೂ ಆರಾಮವಾಗಿದ್ದಾರೆ.”