ಕರ್ನಲ್‌ನಲ್ಲಿ ಹೆಸರು, ಸರ್ಕಲ್‌ನಲ್ಲಿ ಫ್ಲೆಕ್ಸ್

ನಾನು ಎಲ್ಲಿ ಕಾಲಿಟ್ಟರೂ ಒಂದು ನಗೆಪಾಟಲು ನನಗಿಂತ ಮುಂಚೆ ಹೋಗಿ ಕೂತಿರುತ್ತದೆ. ಹೊನ್ನಾಳಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ತಾಲ್ಲೂಕಿನಲ್ಲಿ ನನ್ನಂಥ ಕೈ ಇನ್ನೊಂದಿಲ್ಲ. ಅದಕ್ಕೇ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಕರ್ನಲ್ಲಿಗೇ ಕೈಹಾಕಿದೆ. ಕರ್ನಲ್ ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಯಜಮಾನ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಒಪ್ಪಿದರೆ ಹೆಸರು ಅದರ ಚರಿತ್ರೆಯಲ್ಲಿ ಶಾಶ್ವತ. ನನ್ನ ಹೆಸರು ಸೇರಿಯಾಯಿತು ಅಂತ ಊರಿಗೆಲ್ಲ ಹೇಳಿದ್ದೆ. ತಿದ್ದುಪಡಿ ಇನ್ನೂ ಕಳಿಸಿರಲಿಲ್ಲ, ಅಷ್ಟೆ.

ಚೀಲ

ಅಪ್ಪ ಚನ್ನಗಿರಿ ಮಂಡಿಗೆ ಅಡಿಕೆ ತುಂಬುತ್ತಿದ್ದರು. "ಏನ್ ತಿದ್ದುತೀಯಲೇ?"

"ಸೆಖೆ ಅಳೆಯೋ ಚಿಪ್ಪಿನ ಡ್ರೈವರ್ ಅಪ್ಪಾ. ಚಿಪ್ಪಿನ ಮಾತು ಕರ್ನಲ್ಲಿಗೆ ಮುಟ್ಟಿಸೋ ಪ್ರೋಗ್ರಾಂ. ಅಕ್ಷರ ಬರೆಯುವಾಗ ಜಾಗ ಎಷ್ಟೈತೆ ಅಂತ ನೋಡೋದೇ ಇಲ್ಲ. ಹೆಚ್ಚಾದದ್ದು ಪಕ್ಕಕ್ಕೆ ಚೆಲ್ಲಿ ಮಿಷನ್ನೇ ಮಲಗುತ್ತೆ. ನಾನು ಅಳತೆ ನೋಡಿ ಬರೆಯೋ ಆಜ್ಞೆ ಹಾಕ್ತೀನಿ. ತುದೀಲಿ 'ಇಲ್ಲಿಗೆ ಮುಗೀತು' ಅನ್ನೋ ಸೊನ್ನೆಗೂ ಜಾಗ ಉಳಿಸುತ್ತೆ."

ಅಪ್ಪ ಚೀಲದ ಬಾಯಲ್ಲಿ ಗೇಣು ಬಿಟ್ಟು ದಬ್ಬಳ ತಗೊಂಡರು. "ಹೊಲಿಗೆಗೆ ಜಾಗ ಬಿಡದೆ ಸುರಿದೋರು ಯಾರಲೇ?"

"ಪ್ರಪಂಚದ ದೊಡ್ಡ ದೊಡ್ಡ ಎಂಜಿನಿಯರ್‌ಗಳು."

"ಅವರನ್ನ ನಮ್ಮ ಮಂಡಿಗೆ ಕರ್ಕೊಂಡು ಬರಬ್ಯಾಡ."

ಉತ್ತರ

ಕಳಿಸಿದೆ. ಸಮುದ್ರದಾಚೆಯಿಂದ, ತಿದ್ದುಪಡಿಗಳನ್ನು ಪರೀಕ್ಷಿಸುವ, ಮುಖ ಕಾಣದ ಒಬ್ಬ ಹೆಂಗಸಿನ ಉತ್ತರ ಬಂತು. ನನ್ನ ಒಂದೊಂದು ಅಲ್ಪವಿರಾಮವನ್ನೂ ಓದಿದ್ದರು! ಬರೆದಿದ್ದರು: "ಚೆಲ್ಲುವುದು ನಿಂತಿದೆ, ಸರಿ. ಆದರೆ ಈ ಆಜ್ಞೆ ತಾನು ಬರೆದದ್ದೆಷ್ಟು ಅಂತ ಹೇಳುವುದಿಲ್ಲ. ಜಾಗ ಸಿಕ್ಕಿದ್ದರೆ ಎಷ್ಟು ಬರೆಯುತ್ತಿದ್ದೆ ಅಂತ ಹೇಳುತ್ತದೆ. ನೀವು ಅದನ್ನು ನಂಬಿ ಮುಂದಿನ ಸಾಲನ್ನು ಜಾಗದ ಹೊರಗಿಟ್ಟಿದ್ದೀರಿ."

ಇಷ್ಟು ವರ್ಷ ಈ ಆಜ್ಞೆ ಬಳಸಿದ್ದೇನೆ, ನನಗೇ ಗೊತ್ತಿರಲಿಲ್ಲ! ಬೆರಗಾಗಿ ನ್ಯಾಮತಿಯ ಗೆಳೆಯನಿಗೆ ಹೇಳಿದೆ. ಅವನು ಟೀ ಕೆಳಗಿಟ್ಟ. "ಮಾಡಿದ್ದು ಬಿಟ್ಟು, ಮಾಡ್ಬೋದಾಗಿದ್ದು ಹೇಳುತ್ತಾ? ಥೇಟ್ ನಿನ್ನ ಹಂಗೇ ಐತಲ್ಲೋ!"

ಫ್ಲೆಕ್ಸ್

ಬರೆದದ್ದನ್ನಷ್ಟೇ ಹೇಳುವ ಆಜ್ಞೆ ಹಾಕಿ ಮತ್ತೆ ಕಳಿಸಿದೆ. ಒಪ್ಪಿದರು! ನಾನು ನೋಡದ ದೇಶಗಳ ಮಿಷನ್ನುಗಳಿಗೆ ನನ್ನ ಎರಡು ಸಾಲು ಹೋಗುತ್ತವೆ ಅಂತ ನೆನೆದು ಊರಿಗೆ ಹೇಳುವುದನ್ನೇ ಮರೆತುಬಿಟ್ಟೆ. ಜೀವನದಲ್ಲಿ ಮೊದಲ ಸಲ.

ಗೆಳೆಯ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿಸುತ್ತೇನೆಂದ. ಫ್ಲೆಕ್ಸ್ ಅಂಗಡಿಯವನಿಗೆ ಒಕ್ಕಣೆ ನಾನೇ ಕಳಿಸಿದೆ: ತುಂಗಭದ್ರೆಯ ತನಯ, ಗಣಕಲೋಕದ ಗಂಡುಗಲಿ, ಯುವಕರ ಕಣ್ಮಣಿ, ಕರ್ನಲ್ ಕಲಿ, ಕೊನೆಗೆ ಹೆಸರು. ಊರವರನ್ನೆಲ್ಲ ಕರೆದುಕೊಂಡು ಹೋಗಿ ನೋಡಿದರೆ ಬಿರುದುಗಳು ಸಾಲುಸಾಲಾಗಿವೆ, ಹೆಸರೇ ಇಲ್ಲ!

"ಹೆಸರೆಲ್ಲಯ್ಯಾ?" ಅಂತ ಅಂಗಡಿಯವನ ಮೇಲೆ ಹರಿಹಾಯ್ದೆ.

"ಜಾಗ ಮುಗೀತು, ಅಲ್ಲಿಗೇ ನಿಲ್ಸಿದೆ ಸಾರ್. ನೋಡ್ರಿ, ಒಂದಕ್ಷರಾನೂ ಹೊರಗೆ ಚೆಲ್ಲಿಲ್ಲ. ತುದೀಲಿ ಹೊಲಿಗೆಗೂ ಜಾಗ ಬಿಟ್ಟೀನಿ!"

ಅಪ್ಪ ಅವನ ಬೆನ್ನು ತಟ್ಟಿದರು. "ಇವನನ್ನ ಮಂಡಿಗೆ ಕರ್ಕೊಂಡು ಬಾರಲೇ."